ಹಳೂ ಹಳೂ

ಮುಂಬಯಿಗೆ ಬಂದ ಮೊದಲ ಭಾನುವಾರವೇ ಒಬ್ಬ ಮುದುಕಿ ನನ್ನ ತಲೆಯ ಮೇಲೆ ಕೈಯಿಟ್ಟು, ಇವನನ್ನು ಹಾಳು ಮಾಡಪ್ಪಾ ಎಂದು ದೇವರಲ್ಲಿ ಬೇಡಿಕೊಂಡಳು. ಸುತ್ತ ಕೂತ ಹನ್ನೆರಡು ಜನ ಭಕ್ತಿಯಿಂದ ಆಮೆನ್ ಅಂದರು. ಹೊಸಬ ಬೇರೆ ಏನು ಮಾಡಿಯಾನು? ನಾನೂ ಅಂದೆ.

ಆಕೆ ನಿಜಕ್ಕೂ ಹೇಳಿದ್ದು ಇಷ್ಟು: “ದೇವಾ, ಈ ಹುಡುಗ ಹೊಸದಾಗಿ ಬಂದಾನ. ಇವನ್ನ ಹಳೂ ಹಳೂ ನಡಸಪಾ.” ಹಳೂ ಅಂದರೆ ಮರಾಠಿಯಲ್ಲಿ ಮೆಲ್ಲಗೆ, ನಿಧಾನವಾಗಿ. ಅದು ನನಗೆ ತಿಳಿದದ್ದು ಎರಡು ವಾರದ ಮೇಲೆ, ದಾದರ್ ಸ್ಟೇಷನ್ನಿನ ಸೇತುವೆಯ ಮೆಟ್ಟಿಲಲ್ಲಿ ನುಗ್ಗುತ್ತಿದ್ದ ನನ್ನನ್ನು ಯಾರೋ ಹಳೂ, ಹಳೂ ಎಂದು ಗದರಿದಾಗ. ಹಲ್ಲಿಲ್ಲದ ಬಾಯಿಂದ ಬಂದ ಹಳೂ ತುಮಕೂರಿನ ಕಿವಿಗೆ ಹಾಳು ಎಂದೇ ಕೇಳಿಸಿತ್ತು. ಆ ಎರಡು ವಾರ ನಾನು ಲೋಕಲ್‌ನಲ್ಲಿ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದೆ.

ಕಾಂದಿವಲಿಯ ಒಂದು ಕಾರ್ಖಾನೆಯ ಆಫೀಸಿನಲ್ಲಿ ನಾನು ಟೈಪಿಸ್ಟ್. ಇಲ್ಲಿ ಕೋಣೆಗೆ ಖೋಲಿ ಅನ್ನುತ್ತಾರೆ. ನಮ್ಮ ಖೋಲಿಯಲ್ಲಿ ನಾವು ನಾಲ್ವರು, ನಾಲ್ಕು ಭಾಷೆ. ನಾಲ್ವರೂ ಸೇರಿ ಮಾತಾಡುವ ಹಿಂದಿಯನ್ನು ಕೇಳಿ ಮನೆ ಮಾಲೀಕರ ಗಿಳಿಯೂ ತಲೆ ತಿರುಗಿಸುತ್ತಿತ್ತು. ಆರು ದಿನ ಬಾಯಲ್ಲಿ ಒಂದು ಕನ್ನಡ ಪದ ಇಲ್ಲ. ಏಳನೆಯ ದಿನ ದಾದರಿನಲ್ಲಿ ಗಾಡಿ ಬದಲಾಯಿಸಿ ಮುಲುಂಡಿನ ಚರ್ಚಿಗೆ ಹೋಗುತ್ತಿದ್ದೆ.

ನಮ್ಮೂರಲ್ಲಿ ಚರ್ಚು ನಮ್ಮದು, ಗಂಟೆ ನಮ್ಮದು, ಆರಾಧನೆ ಮುಗಿದ ಮೇಲೆ ಹುಣಸೆಮರದಡಿ ನಿಂತು ಹರಟುವ ಹೊತ್ತೂ ನಮ್ಮದೇ. ಇಲ್ಲಿ ಕನ್ನಡದವರಿಗೆ ಸಿಗುವುದು ಮರಾಠಿಯವರ ಚರ್ಚು, ಮಧ್ಯಾಹ್ನ ಮೂರಕ್ಕೆ. ಅವರು ಕೂತೆದ್ದ ಬೆಂಚಿನ ಬಿಸಿ ಆರುವ ಮೊದಲು ನಾವು ಕೂರುತ್ತೇವೆ. ನಮ್ಮ ಕೊನೆಯ ಹಾಡಿಗೆ ತಮಿಳಿನವರು ಬಾಗಿಲಲ್ಲಿ ನಿಂತು ಕೆಮ್ಮುತ್ತಾರೆ. ಹಾಗಾಗಿ ನಿಜವಾದ ಪ್ರಾರ್ಥನೆ ನಡೆಯುವುದು ಸಂಜೆ, ಸಾಲುಖೋಲಿಗಳ ಒಂದು ಚಾಳಿನಲ್ಲಿ, ರೂತವ್ವನ ಖೋಲಿಯಲ್ಲಿ. ನನ್ನ ತಲೆಯ ಮೇಲೆ ಕೈಯಿಟ್ಟವಳೇ ಈ ರೂತವ್ವ. ಗದಗಿನ ಕಡೆಯವಳು. ಮದುವೆಯಾಗಿ ಬಂದವಳು, ಗಂಡ ಹೋದ ಮೇಲೆ ಆಸ್ಪತ್ರೆಯೊಂದರಲ್ಲಿ ಆಯಾ ಆಗಿ ದುಡಿದು, ಈಗ ಮೊಮ್ಮಗಳು ಸುನೀತಾಳ ಜೊತೆ ಇದ್ದಳು.

ಅಲ್ಲಿ ನಡೆಯುವುದು ಸರಪಳಿ ಪ್ರಾರ್ಥನೆ. ಚಾಪೆಯ ಮೇಲೆ ದುಂಡಗೆ ಕೂತು ಪಕ್ಕದವರ ಕೈ ಹಿಡಿಯಬೇಕು. ಒಬ್ಬರಾದ ಮೇಲೊಬ್ಬರು ಬಾಯಿಬಿಟ್ಟು ಪ್ರಾರ್ಥಿಸಬೇಕು. ಮಾತು ಹೊರಡದವರು ಪಕ್ಕದವರ ಕೈಯನ್ನು ಮೆಲ್ಲಗೆ ಒತ್ತಿದರೆ ಸರದಿ ಮುಂದಕ್ಕೆ ದಾಟುತ್ತದೆ. ತುಮಕೂರಿನಲ್ಲಿ ಪ್ರಾರ್ಥಿಸುವುದು ಪಾದ್ರಿ ಅಯ್ಯನವರ ಕೆಲಸ, ಆಮೆನ್ ನಮ್ಮದು. ಅಷ್ಟರಿಂದ ಇಪ್ಪತ್ತೆರಡು ವರ್ಷ ನೆಮ್ಮದಿಯಾಗಿ ಸಾಗಿದ್ದ ನನಗೆ ಸ್ವಂತದ್ದೆಂಬ ಒಂದು ಪ್ರಾರ್ಥನೆಯೂ ಇರಲಿಲ್ಲ. ನನ್ನ ಸರದಿ ಬಂದಾಗ ಹೆದರಿಕೆಯಲ್ಲಿ, ಆಗಷ್ಟೇ ಪ್ರಾರ್ಥಿಸಿ ಮುಗಿಸಿದ್ದ ಸಭೆಯ ಹಿರಿಯರಾದ ಜೇಕಬ್ ಮಾಸ್ಟ್ರ ದನಿಯಲ್ಲೇ ಶುರುಮಾಡಿಬಿಟ್ಟೆ: ಆ ಗಂಟಲು ಸರಿಪಡಿಸುವಿಕೆ, ಪರಲೋಕದ ‘ಲೋ’ವನ್ನು ದಾದರಿನಿಂದ ಠಾಣೆಯ ತನಕ ಎಳೆಯುವ ಆ ರಾಗ, ಎಲ್ಲವೂ ಸಮೇತ. ಉಡುಪಿಯ ಮಾಸ್ಟ್ರು ಕಣ್ಣು ತೆರೆಯದೆ ಕೇಳಿ, ಚಹಾ ಕುಡಿಯುವಾಗ ಅಂದರು: “ನೀನು ಪ್ರಾರ್ಥನೆ ಮಾಡುವುದಾ, ನನ್ನ ಲೆಕ್ಕದಲ್ಲಿ ಇನ್ನೊಮ್ಮೆ ಮಾಡುವುದಾ ಮಾರಾಯ?”

ಹುಡುಗರು ಹೊಟ್ಟೆ ಹಿಡಿದು ನಕ್ಕರು. ಮುಂಬಯಿಯಲ್ಲಿ ನನಗೆ ಸಿಕ್ಕಿದ ಮೊದಲ ಗೆಲುವು ಅದು. ಅಲ್ಲಿಂದ ಪ್ರತಿ ಭಾನುವಾರ ಮುಲುಂಡ್ ಸ್ಟೇಷನ್ನಿನ ಚಹಾದಂಗಡಿಯೆದುರು ನನ್ನ ಆಟ. ಯಾರು ಹೇಗೆ ಬೇಡುತ್ತಾರೆ, ಯಾರು ಬೇಡುವ ನೆಪದಲ್ಲಿ ದೇವರಿಗೆ ಆರ್ಡರ್ ಹಾಕುತ್ತಾರೆ, ನಾನು ಹೇಗೆ ಒಂದು ಕಣ್ಣು ತೆರೆದಿಟ್ಟು ಮುಚ್ಚಿದ ಕಣ್ಣುಗಳನ್ನು ಎಣಿಸುತ್ತೇನೆ, ಎಲ್ಲವನ್ನೂ ಆಡಿ ತೋರಿಸುತ್ತಿದ್ದೆ. ನಗಿಸಿದ ಮೇಲೆ ಯಾರಾದರೂ ಊಟಕ್ಕೆ ಕರೆಯುತ್ತಿದ್ದರು. ಕಾಂದಿವಲಿಯ ಖೋಲಿಗೆ ಬೇಗ ಮರಳಬೇಕಾಗುತ್ತಿರಲಿಲ್ಲ.

ಆ ವರ್ಷದ ಕ್ರಿಸ್ಮಸ್ ಕೂಟದಲ್ಲಿ ನನ್ನನ್ನು ವೇದಿಕೆಗೇ ಹತ್ತಿಸಿದರು. ಮಾಸ್ಟ್ರನ್ನು ಮಾಡಿದೆ, ಇಲ್ಲಿನ ಅಯ್ಯನವರನ್ನು ಮಾಡಿದೆ. ಚಪ್ಪಾಳೆ ನಿಲ್ಲಲಿಲ್ಲ. ಕಡೆಗೆ ಒಂದು ಟವೆಲನ್ನು ತಲೆಗೆ ಸೆರಗಿನಂತೆ ಹೊದ್ದು, ತುಟಿಗಳನ್ನು ಒಳಕ್ಕೆ ಎಳೆದುಕೊಂಡು, ಕೈ ಚಾಚಿ ಅಂದೆ: “ದೇವಾ, ಇವರನ್ನೆಲ್ಲ ಹಾಳೂ ಹಾಳೂ ಮಾಡಪಾ.” ಸಭೆಗೆ ಸಭೆಯೇ ಬೆಂಚಿನಿಂದ ಜಾರಿತು. ಮೂರನೆಯ ಸಾಲಿನಲ್ಲಿದ್ದ ರೂತವ್ವನೂ ನಕ್ಕಳು, ಬಾಯಿಗೆ ಸೆರಗು ಅಡ್ಡ ಹಿಡಿದು. ನಗುವಾಗ ಆಕೆ ಬಾಯಿ ಮುಚ್ಚಿದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ. ಅದೂ ನನ್ನ ಯಶಸ್ಸೆಂದೇ ಎಣಿಸಿದೆ.

ಮುಂದಿನ ಭಾನುವಾರ ಸರಪಳಿಯಲ್ಲಿ ಆಕೆ ನನ್ನ ಪಕ್ಕ. ಸರದಿ ಆಕೆಗೆ ಬಂತು. ಒರಟು ಬೆರಳುಗಳು ನನ್ನ ಕೈಯನ್ನು ಒಮ್ಮೆ ಒತ್ತಿದವು. ಮೈ ಸರಿಯಿಲ್ಲವೇನೋ ಅಂದುಕೊಂಡೆ. ಅದರ ಮುಂದಿನ ವಾರವೂ ಒತ್ತಿದಳು, ಅದರಾಚೆಯ ವಾರವೂ.

ಆಮೇಲೆ ಗೊತ್ತಾಯಿತು ಆಕೆ ಅಷ್ಟು ದಿನ ಏನು ಮಾಡುತ್ತಿದ್ದಳೆಂಬುದು. ದಹಿಸರಿನ ಬಾಣಂತಿ, ಮೆಟ್ರಿಕ್ ಫೇಲಾದ ಹುಡುಗ, ನೈಟ್ ಡ್ಯೂಟಿಯವನ ಕಣ್ಣುರಿ, ಊರಿನಿಂದ ಕಾಗದ ಬಾರದ ನಾನು: ಒಬ್ಬೊಬ್ಬರನ್ನೂ ಹೆಸರು ಹಿಡಿದು ದೇವರ ಮುಂದೆ ನಿಲ್ಲಿಸುತ್ತಿದ್ದವಳು ಅವಳೊಬ್ಬಳೇ. ಉಳಿದ ನಾವು ಲೋಕಕ್ಕೆಲ್ಲ ಶಾಂತಿ ಕೇಳಿ ಕೈ ತೊಳೆದುಕೊಳ್ಳುತ್ತಿದ್ದೆವು. ತಮ್ಮ ಹೆಸರು ಕೇಳಲು ದಹಿಸರಿನಿಂದ ಎರಡು ಗಾಡಿ ಹತ್ತಿ ಬರುತ್ತಿದ್ದವರು ಒಬ್ಬೊಬ್ಬರಾಗಿ ಬರುವುದು ಬಿಟ್ಟರು. ಚಾಪೆಯ ಮೇಲೆ ಜಾಗ ಉಳಿಯತೊಡಗಿತು.

ಒಂದು ದಿನ ಚಹಾದ ಲೋಟ ಕೊಡುತ್ತ ಸುನೀತಾ ತನ್ನ ಮುರುಕು ಕನ್ನಡದಲ್ಲಿ ಅಂದಳು: “ಅಜ್ಜಿ ಘರ್ ಮೇ ಪ್ರಾಕ್ಟೀಸ್ ಮಾಡ್ತಾಳೆ. ಹಳೂ ಬೋಲ್‌ನಾ ನಹೀ, ನಿ-ಧಾ-ನ-ವಾಗಿ. ನನಗೆ ಕೇಳ್ತಾಳೆ, ಶುದ್ಧ ಆಯ್ತಾ ಅಂತ. ನನಗೆ ಏನು ಗೊತ್ತು?”

ತರಕಾರಿಯವನೊಡನೆ ಮರಾಠಿ, ದುಡಿಯುತ್ತಿದ್ದಾಗ ಆಸ್ಪತ್ರೆಯಲ್ಲಿ ಹಿಂದಿ, ಮೊಮ್ಮಗಳೊಡನೆ ಎರಡರ ಕಲಬೆರಕೆ. ವಾರಕ್ಕೊಮ್ಮೆ ಆಕೆ ಬಾಯಿತುಂಬ ಕನ್ನಡ ಆಡುತ್ತಿದ್ದುದು ದೇವರೊಡನೆ ಮಾತ್ರ. ಅದು ಸವೆದಿದೆ ಎಂದು ಅವಳಿಗೆ ಗೊತ್ತೇ ಇರಲಿಲ್ಲ. ಟವೆಲು ಹೊದ್ದು ತಿಳಿಸಿದವನು ನಾನು.

ಕ್ಷಮೆ ಕೇಳಲೆಂದು ಒಂದು ಶನಿವಾರ ಮಧ್ಯಾಹ್ನ ಹೋದೆ. ಆಕೆ ಅಕ್ಕಿ ಆರಿಸುತ್ತಿದ್ದಳು. ಗಂಟಲು ಸರಿಪಡಿಸಿಕೊಂಡು, ನನ್ನಿಂದ ಅಪರಾಧವಾಗಿದೆ ಎಂದು ಶುರುಮಾಡಿದೆ. ದೇವರಾಣೆ, ಬಂದದ್ದು ಜೇಕಬ್ ಮಾಸ್ಟ್ರ ದನಿ. ಇನ್ನೊಮ್ಮೆ ಯತ್ನಿಸಿದೆ. ಅಯ್ಯನವರ ದನಿ. ರೂತವ್ವ ಮೊರದಿಂದ ತಲೆಯೆತ್ತಿದಳು. ಸಿಟ್ಟಿರಲಿಲ್ಲ. ನಿಜಕ್ಕೂ ತಿಳಿಯಬೇಕೆಂಬಂತೆ ಕೇಳಿದಳು: “ನಿಂದು ಯಾವುದಪಾ ಇದರಾಗ?”

ನಾನು ಎದ್ದು ಚಪ್ಪಲಿ ಮೆಟ್ಟಿ ಸ್ಟೇಷನ್ನಿನ ಕಡೆ ನಡೆದೆ.

ಮರುದಿನ ಸರಪಳಿಯಲ್ಲಿ ಆಕೆ ಎಂದಿನಂತೆ ನನ್ನ ಕೈ ಒತ್ತಿದಳು. ಪಕ್ಕದವರಿಗೆ ದಾಟಿಸಲು ಮನಸ್ಸಾಗಲಿಲ್ಲ. ದಹಿಸರಿನ ಬಾಣಂತಿಯ ಹೆಸರು ಹೇಳಿದೆ. ಅವಳ ಮಗುವಿನ ಹೆಸರು ಮರೆತಿತ್ತು, ಮಗು ಎಂದೆ. ಮೆಟ್ರಿಕ್ ಹುಡುಗನನ್ನು ನೆನೆದೆ. ರೂತವ್ವನ ಹೆಸರು ಹೇಳುವಾಗ ದನಿ ಯಾರದೂ ಅಲ್ಲದಂತೆ ಒಡೆಯಿತು. ಕಡೆಗೆ ತಾನಾಗಿ ಬಂತು: ನಮ್ಮನ್ನೆಲ್ಲ ಹಳೂ ಹಳೂ ನಡೆಸು. ಒಬ್ಬ ಹುಡುಗ ಕಿಸಕ್ಕೆಂದ.

ರೂತವ್ವ ನನ್ನ ಕಿವಿಯ ಬಳಿ ಬಾಗಿ, ಪಾಠ ಒಪ್ಪಿಸುವ ಹುಡುಗನಿಗೆ ಹೇಳಿಕೊಟ್ಟಂತೆ ಪಿಸುಗುಟ್ಟಿದಳು: “ನಿಧಾನವಾಗಿ ಅನ್ನಪಾ. ಮಂದಿ ನಗತಾರ.”

ಕಳೆದ ಬೇಸಿಗೆಯ ರಜೆಗೆ ತುಮಕೂರಿಗೆ ಹೋಗಿದ್ದೆ. ಮುಂಬಯಿಯಿಂದ ಬಂದವನೆಂದು ಅಯ್ಯನವರು ನನ್ನಿಂದಲೇ ಪ್ರಾರ್ಥನೆ ಮಾಡಿಸಿದರು. ಆರಾಧನೆಯಲ್ಲಿ ಕೆಲವರು ಥಟ್ಟನೆ ಕಣ್ಣು ತೆರೆದದ್ದು ನನಗೆ ಕಂಡಿತು, ಅಭ್ಯಾಸಬಲದಿಂದ ನನ್ನ ಒಂದು ಕಣ್ಣು ತೆರೆದೇ ಇತ್ತಲ್ಲ. ಮನೆಯಲ್ಲಿ ಊಟಕ್ಕೆ ಕೂತಾಗ ಅಪ್ಪ ಕೇಳಿದರು: “ಯಾಕೋ, ನಮ್ಮನ್ನೆಲ್ಲ ಹಾಳು ಹಾಳು ನಡೆಸು ಅಂತ ಬೇಡ್ಕೊಂಡ್ಯಲ್ಲ. ಬೊಂಬಾಯಲ್ಲಿ ಇದನ್ನೇನಾ ಕಲ್ತಿದ್ದು?”

ಅರ್ಥ ಹೇಳಿದೆ. ಮುಲುಂಡಿನ ಅಜ್ಜಿಯೊಬ್ಬಳ ಮಾತು ಎಂದೆ. ಅಮ್ಮನಿಗೆ ಖುಷಿಯಾಯಿತು. ಊರಿಗೆ ಹೋದಾಗಲೆಲ್ಲ ಅವಳಿಗೆ ಹೊಸದೊಂದು ದನಿ ಬೇಕು. ಸಾರು ಬಡಿಸುತ್ತ, “ಆಯಮ್ಮ ಹೆಂಗಂತಾಳೆ, ಒಂದ್ಸಲ ಮಾಡಿ ತೋರ್ಸೋ” ಅಂದಳು.

ಬರಲ್ಲಮ್ಮ, ಅಂದೆ.

ಬರುತ್ತದೆ. ಈಗ ಕಣ್ಣು ಮುಚ್ಚಿದರೆ, ಮುಂಬಯಿಯಲ್ಲಾದರೂ ಊರಲ್ಲಾದರೂ, ಆ ದನಿಯೊಂದೇ ಬರುವುದು.