ಮಾವನ ಕೈಸನ್ನೆಗೆ ಬೇಕಾಗಿದ್ದ ವೈಫೈ

ನನ್ನ ಸೋದರಮಾವ ಹುಟ್ಟಾ ಮೂಗ, ಕಿವಿಯೂ ಕೇಳದು. ಅವನೊಡನೆ ಫೋನಿನಲ್ಲಿ ಮಾತಾಡುವಂತಿಲ್ಲ, ಸನ್ನೆ ಕಾಣಬೇಕು. ಆ ಸನ್ನೆಗಳನ್ನು ಅವನೂ ಅವ್ವನೂ ಚಿಕ್ಕಂದಿನಲ್ಲಿ ತಾವೇ ಮಾಡಿಕೊಂಡಿದ್ದರು. ಆಯುಧಪೂಜೆಯ ಮರುದಿನ ಬೆಂಗಳೂರಿನಲ್ಲಿ ಅವನಿಗೆ ಹೃದಯದ ಆಪರೇಷನ್. ಒಳಗೆ ಒಯ್ಯುವ ಮುಂಚೆ ವಿಡಿಯೊದಲ್ಲಿ ತೋರಿಸುತ್ತೇನೆಂದು ಅವನ ಮಗ ಹೇಳಿದ್ದ. ಮೊಳಕಾಲ್ಮುರಿನ ಅಂಚಿನಲ್ಲಿ, ಗುಡ್ಡದ ಮಗ್ಗುಲಿನ ನಮ್ಮ ಮನೆಯಲ್ಲಿ ಮೊಬೈಲಿಗೆ ಮಾತು ಸಿಕ್ಕರೆ ಹೆಚ್ಚು. ಚಿತ್ರಕ್ಕೆ ವೈಫೈಯೇ ಬೇಕು. ಆಪರೇಷನ್ನಿನ ಬೆಳಿಗ್ಗೆ ಅದು ಸತ್ತಿತ್ತು.

ರೂಟರ್ ಆರಿಸಿ ಹಚ್ಚಿದೆ. ಫೋನು ವೈಫೈ ಹಿಡಿಯಿತು, ಇಂಟರ್‌ನೆಟ್ ಇಲ್ಲ ಎಂದಿತು. ಚಳ್ಳಕೆರೆಯ ಕೇಬಲ್ಲಿನವನಿಗೆ ಫೋನು ಮಾಡಿದೆ. ಕೆಂಪು ದೀಪ ಉರಿಯುತ್ತಿದೆಯೇ ಎಂದ. ಉರಿಯುತ್ತಿತ್ತು. ಅದನ್ನು ಮೊದಲೇ ನೋಡಿದ್ದೆನೋ, ಅವನು ಕೇಳಿದ ಮೇಲೆ ನೋಡಿದೆನೋ, ಈಗ ಹೇಳಲಾರೆ. ಪೇಟೆಯಲ್ಲೆಲ್ಲ ಬರುತ್ತಿದೆ, ನಿಮ್ಮ ವೈರೇ ಎಲ್ಲೋ ತುಂಡಾಗಿರಬೇಕು, ಹಬ್ಬ ಮುಗಿಸಿ ಸಂಜೆ ಬರುತ್ತೇನೆ ಎಂದ. ಪೇಟೆಗೆ ಹೋಗೋಣವೆಂದರೆ ಅವ್ವನ ಮಂಡಿ ಬಿಡದು. ವೈರು ನೋಡುತ್ತಾ ಕಂಬದವರೆಗೆ ಓಡಿದೆ. ಎಲ್ಲೂ ತುಂಡಾಗಿರಲಿಲ್ಲ.

ವಾಪಸು ಬಂದು ರೂಟರಿನ ಹಿಂದೆ ಇಣುಕಿದಾಗ ಕಂಡಿತು. ಹಿಂದಿನ ದಿನ ಮಗ್ಗ, ಲಾಳಿಗಳ ಜೊತೆ ಅವ್ವ ರೂಟರಿಗೂ ಪೂಜೆ ಮಾಡಿದ್ದಳು. ಸೇವಂತಿಗೆ ಹಾರ ಜಾರದಂತೆ ರೇಷ್ಮೆ ಎಳೆಯಿಂದ ಸುತ್ತಿ, ನೇಕಾರರ ಗಂಟು ಬಿಗಿದಿದ್ದಳು. ಹಿಂದಿನ ತೆಳ್ಳನೆ ಹಳದಿ ವೈರೂ ಅದರಲ್ಲಿ ಸಿಕ್ಕಿ ಮಡಚಿಕೊಂಡಿತ್ತು. ಅದರೊಳಗೆ ಸಾಗುವುದು ಬೆಳಕು, ಮಡಚಿದರೆ ಸಾಗದು.

ಹಾರ ಬಿಚ್ಚಬೇಕು ಎಂದೆ.

"ಸಂಜೆ ಪೂಜೆ ಆಗೋಗಂಟ ಮುಟ್ಟಂಗಿಲ್ಲ," ಎಂದಳು ಅವ್ವ.

ಅಷ್ಟರಲ್ಲಿ ಮಾವನ ಮಗ ಫೋನು ಮಾಡಿ, ಒಯ್ಯಲು ಬಂದಿದ್ದಾರೆ ಎಂದ. ಅವ್ವ ಮಗ್ಗದ ಕತ್ತರಿ ತಂದು ಎಳೆ ಕತ್ತರಿಸಿದಳು. ಡೈರಿಯಲ್ಲಿ ನಾನೇ ಕತ್ತರಿಸಿದೆ ಎಂದು ಬರೆದಿದ್ದೇನೆ. ಕಣ್ಣಿಗೆ ಕಟ್ಟಿರುವುದು ಅವಳ ಕೈ.

ದೀಪ ಹಸಿರಾಯಿತು. ಪರದೆಯಲ್ಲಿ ಮಾವ ಮಲಗಿದ್ದ. ಎರಡೂ ಕೈಗೆ ಸೂಜಿ ಚುಚ್ಚಿ ಪಟ್ಟಿ ಕಟ್ಟಿದ್ದರು. ಅವ್ವ ಸನ್ನೆ ಮಾಡಿದಳು, ಅವನು ಬರೀ ನೋಡಿದ.

"ಆ ಕೈ ಒಂಚೂರು ಬಿಡ್ಸಾಕೇಳೋ. ಅವ್ನೇನೋ ಹೇಳ್ತಾವ್ನೆ."

"ಆಗಲ್ಲ ಅತ್ತೆ, ಸೂಜಿ ಕಿತ್ಕಂಡ್ ಬರ್ತೈತೆ."

ಗಾಲಿಮಂಚ ಹೊರಟಿತು. ಮಾವ ತಿರುಗಿ ಬರಲಿಲ್ಲ.

ಹೋಗುವಾಗ ಹೆಬ್ಬೆಟ್ಟು ಎತ್ತಿದನಂತೆ. ಅವರ ಸನ್ನೆಯಲ್ಲಿ ಹೆಬ್ಬೆಟ್ಟೆಂದರೆ ಅಕ್ಕ. "ನೀನೂ ನೋಡಿದ್ಯಲ್ಲ?" ಎಂದು ಅವ್ವ ಈಗಲೂ ಕೇಳುತ್ತಾಳೆ. ಹೂಂ ಅನ್ನುತ್ತೇನೆ. ಆ ಗಳಿಗೆಯಲ್ಲಿ, ದೀಪ ಮತ್ತೆ ಕೆಂಪಾದೀತೆಂದು, ನಾನು ರೂಟರನ್ನೇ ನೋಡುತ್ತಿದ್ದೆ ಅನ್ನಿಸುತ್ತದೆ.