ನೆಲಮಾಳಿಗೆಯ ದಾರಿಯಾಗಿ ಸಮುದ್ರಕ್ಕೆ

ನಮ್ಮ ವೆಟ್ರೊವಿತ್ಸೆ ಊರಿನ ಚರ್ಚಿನ ಮಾಡಿನ ಮೇಲೆ ಬೀಳುವ ಮಳೆ ಎರಡಾಗುತ್ತದೆ. ದಕ್ಷಿಣದ ಇಳಿಜಾರಿನ ನೀರು ಸಂತೆ ಚೌಕ ದಾಟಿ, ಡ್ಯಾನ್ಯೂಬ್ ನದಿ ಹಿಡಿದು ಕಪ್ಪು ಸಮುದ್ರಕ್ಕೆ ಹೋಗುತ್ತದೆ. ಉತ್ತರದ್ದು ಲಾಬೆ ನದಿಯ ಜೊತೆ ಉತ್ತರ ಸಮುದ್ರಕ್ಕೆ. ಯುದ್ಧಕಾಲದಲ್ಲಿ ನಮ್ಮ ಗಂಟೆಗಳನ್ನು ಇಳಿಸಿಕೊಂಡು ಹೋದರು. ಆಮೇಲಿನ ಸರ್ಕಾರ ಸಂತೆಪಟ್ಟಣವೆಂಬ ಪಟ್ಟವನ್ನು ಕಿತ್ತುಕೊಂಡು ಬರೀ ಹಳ್ಳಿ ಎಂದಿತು. ಅದು ಮರಳಿ ಬರಲು ಬಹಳ ವರ್ಷ ಬೇಕಾಯಿತು. ಯಾರ ಕೈಗೂ ಸಿಗದೆ ಉಳಿದದ್ದು ಈ ಮಳೆ ಒಂದೇ.

ಅದಕ್ಕೂ ಕುತ್ತು ತಂದವಳು ಹೆರ್ಮೀನಾ.

ಅವಳ ಮನೆ ಚರ್ಚಿನ ಉತ್ತರದ ಗೋಡೆಗೆ ತಾಗಿದಂತಿದೆ. ಮದುವೆಯಾಗಿ ಬಂದ ವರ್ಷದಿಂದಲೂ ಆ ಇಳಿಜಾರಿನ ನೀರು ಅವಳ ನೆಲಮಾಳಿಗೆಗೆ ನುಗ್ಗಿ, ಆಲೂಗಡ್ಡೆ ಕೊಳೆಸಿ, ಹಿಂದಿನ ತೊರೆಗೆ ಸೇರುತ್ತಿತ್ತು. ಲಿನನ್ ಗಿರಣಿಯಲ್ಲಿ ಹಗಲೆಲ್ಲ ದುಡಿದು ಬಂದು ಸಂಜೆ ಬಕೆಟ್ಟಿನಲ್ಲಿ ನೀರು ಎತ್ತಿಹಾಕುವುದೇ ಅವಳ ಬಾಳಾಯಿತು. ಈಗ ಮನೆಯ ಗೋಡೆಯೂ ಉಬ್ಬಿತ್ತು. ಅವಳ ದೂರು ಕೇಳಿ ಕೇಳಿ ಸಾಕಾದ ಚರ್ಚಿನ ಮಂಡಳಿ ಕೊನೆಗೆ ಒಪ್ಪಿತು: ಮಾಡಿನಂಚಿನಲ್ಲಿ ನೀರು ಹಿಡಿಯುವ ದೋಣಿ ತಗಡನ್ನು ತಿರುಗಿಸಿ ಎಲ್ಲ ನೀರನ್ನೂ ದಕ್ಷಿಣಕ್ಕೇ ಬಿಡುವುದು.

ಬಿಯರ್ ಅಂಗಡಿಯಲ್ಲಿ ಗುಲ್ಲೆದ್ದಿತು.

"ಏನಕ್ಕಾ, ನಾಲ್ಕು ಆಲೂಗಡ್ಡೆಗೋಸ್ಕರ ಸಮುದ್ರ ಒಣಗಿಸ್ತೀಯಾ?" ಎಂದು ಕಟುಕ ಒಟಕಾರ್ ಕೆಣಕಿದ.

"ಅದಕ್ಕೆ ಅಷ್ಟು ಬಾಯಾರಿಕೆ ಆಗಿದ್ರೆ ನನ್ನ ನೆಲಮಾಳಿಗೆಗೇ ಬಂದು ಕುಡೀಲಿ," ಎಂದಳು ಹೆರ್ಮೀನಾ. "ಬಕೆಟ್ ನಾನೇ ಕೊಡ್ತೀನಿ."

ತಗಡಿನ ಕೆಲಸ ವೆಂಡೆಲೀನನದು. ಸೋಮವಾರ ಹಳೆಯದನ್ನು ಬಿಚ್ಚಿದ. ಮರುದಿನ ಜೋಡಿಸಬೇಕು ಅನ್ನುವಾಗ ಮಳೆ ಹಿಡಿಯಿತು; ಅವನು ಗೋಪುರದೊಳಗೆ ಸೇರಿಕೊಂಡ. ಎಲ್ಲಿ ನಿದ್ದೆ ಹೊಡೆಯುತ್ತಾನೋ ಎಂಬ ಅನುಮಾನಕ್ಕೆ ಹೆರ್ಮೀನಾ ಪ್ಲಮ್ ಕಡುಬಿನ ಪಾತ್ರೆ ಹಿಡಿದು ಹತ್ತಿದಳು. ಇಷ್ಟು ವರ್ಷ ಆ ಗೋಪುರದ ನೆರಳಲ್ಲೇ ಬದುಕಿದ್ದರೂ ಅವಳು ಅದನ್ನು ಹತ್ತಿದ್ದು ಅದೇ ಮೊದಲು.

"ಕೆಲಸ ಎಲ್ಲಯ್ಯಾ?" ಎಂದಳು ಏದುಸಿರು ಬಿಡುತ್ತ.

"ಬಯ್ಯೋದು ಆಮೇಲೆ. ಮೊದಲು ಇಲ್ಲಿ ಬಗ್ಗಿ ನೋಡಿ."

ಕಿಟಕಿಯ ಕೆಳಗೇ ಮಾಡಿನ ನೆತ್ತಿ. ಹನಿಯೊಂದು ನೆತ್ತಿಯ ಹೆಂಚಿಗೆ ಬಿದ್ದು, ಒಂದು ಕ್ಷಣ ಮೈದುಂಬಿ ನಿಂತು, ಸೀಳಿಹೋಯಿತು. ಅರ್ಧ ಆಚೆಗೆ, ಅರ್ಧ ಈಚೆಗೆ. ಅದರ ಪಕ್ಕ ಇನ್ನೊಂದು. ಉದ್ದಕ್ಕೂ ಅದೇ. ಅವಳು ತಲೆಯೆತ್ತಿದಳು. ಒಂದು ಕಡೆ ಚೌಕದ ಲಿಂಡನ್ ಮರಗಳಾಚೆ ಹೊಳೆಯುವ ನೀರಗೆರೆ. ಇನ್ನೊಂದು ಕಡೆ ತನ್ನ ಹಿತ್ತಿಲಿನ ತೊರೆ, ಕೆರೆಯಿಂದ ಕೆರೆಗೆ ಇಳಿಯುತ್ತ, ಕಾಡಿನ ಅಂಚಿನಲ್ಲಿ ಮೋಡದೊಳಗೆ ಹೊಕ್ಕಿತ್ತು. ದಿನಾ ಬಯ್ದು ಬಕೆಟ್ಟಿನಲ್ಲಿ ಎತ್ತಿಹಾಕಿದ ನೀರು ಹೋಗುತ್ತಿದ್ದುದು ಅಲ್ಲಿಗೆ! ಸಮುದ್ರ ನೋಡದ ಹೆಂಗಸಿನ ಕೈ ಹಾದು ಸಮುದ್ರಕ್ಕೆ.

ಕಡುಬು ತಣ್ಣಗಾಯಿತು.

"ಅದನ್ನ ತಿರುಗಿಸ್ಬೇಡ," ಎಂದಳು ಕೊನೆಗೆ.

"ಗೋಡೆ ಬೀಳುತ್ತಲ್ಲಕ್ಕಾ."

"ಬೇರೆ ದಾರಿ ಇಲ್ವಾ?"

"ಇದೆ. ನೆಲದಡಿ ಕೊಳವೆ ಹಾಕಿ ನೇರ ತೊರೆಗೆ ಬಿಡ್ಬಹುದು. ಆದ್ರೆ ಮಧ್ಯೆ ನಿಮ್ಮ ಕರಂಟ್ ಹಣ್ಣಿನ ಪೊದೆಗಳಿವೆ. ಹೋದ ವರ್ಷ ಆ ಮಾತೆತ್ತಿದ್ದಕ್ಕೆ ಸಲಿಕೆ ತಗೊಂಡು ಅಟ್ಟಿಸ್ಕೊಂಡು ಬಂದಿದ್ರಿ."

ಆ ಪೊದೆಗಳು ಅವಳ ಅತ್ತೆ ನೆಟ್ಟವು. ಅವುಗಳ ಕೆಂಪು ಹಣ್ಣಿನ ವೈನ್ ಇಲ್ಲದೆ ನಮ್ಮಲ್ಲಿ ಯಾವ ಮದುವೆಯೂ ಆಗಿಲ್ಲ.

ಮರುದಿನ ಬೆಳಗ್ಗೆ ಒಟಕಾರ್ ಅಂಗಡಿ ತೆರೆಯುವಾಗ ಹೆರ್ಮೀನಾ ಅದೇ ಸಲಿಕೆಯಿಂದ ಪೊದೆಗಳ ಬುಡ ಅಗೆಯುತ್ತಿದ್ದಳು. ಅವನು ಏಪ್ರನ್ ಬಿಚ್ಚಿಟ್ಟು ಓಡಿಬಂದ.

"ನಮ್ಮ ವೈನ್ ಗತಿಯೇನಕ್ಕಾ?"

"ಸಮುದ್ರ ಬೇಕು ಅಂದವನು ನೀನೇ ತಾನೆ? ಹಿಡಿ ಸಲಿಕೆ."

ಆ ಚಳಿಗಾಲ ಅವಳ ಆಲೂಗಡ್ಡೆ ಒಣಗಿದ ನೆಲದ ಮೇಲೆ ಕುಳಿತಿದ್ದವು. ಮಳೆ ಬಂದರೆ ಮಾತ್ರ ಹೆರ್ಮೀನಾ ಒಳಗೆ ಕೂರುವುದಿಲ್ಲ. ಕೊಡೆ ಹಿಡಿದು ತೊರೆಯ ದಂಡೆಗೆ ಹೋಗಿ, ಕೊಳವೆಯ ಬಾಯಿಗೆ ಅಂಗೈ ಒಡ್ಡಿ, ನೀರನ್ನು ಬೆರಳ ಸಂದಿನಿಂದ ಬಿಡುತ್ತಾಳೆ.

"ಹೊರಡು ಹೊರಡು," ಎನ್ನುತ್ತಾಳೆ, "ದಾರಿ ದೂರ ಇದೆ."