ಜ್ವರಕ್ಕೆ ಕೂತ ಸುದ್ದಿ, ಕಾವಲಿಗೆ ಶೈಲಜಾ

ಬೆಳಿಗ್ಗೆ ಐದೂಮುಕ್ಕಾಲು. ಮೇಲೂರಿನ ಆವಲಪ್ಪನವರ ಅಂಗಳದಲ್ಲಿ ರೇಷ್ಮೆಗೂಡಿನ ಮೂಟೆಗಳು ಟೆಂಪೋಗೆ ಕಾಯುತ್ತಿವೆ. ನಿನ್ನೆ ಕತ್ತಲಾಗುವವರೆಗೂ ಅಪ್ಪನ ಜೊತೆ ಗೂಡು ಬಿಡಿಸಿದ ಮಗಳು ಶೈಲಜಾ, ಕೈಯನ್ನು ಎರಡು ಸಲ ಸೋಪು ಹಚ್ಚಿ ತೊಳೆದುಕೊಂಡು ನಡುಮನೆಯ ಕಂಪ್ಯೂಟರ್ ಮುಂದೆ ಕೂರುತ್ತಾರೆ. ಏಳಕ್ಕೆ ಕರೆಂಟು ಹೋದರೆ ಮತ್ತೆ ಬರುವುದು ಒಂಬತ್ತಕ್ಕೆ. ಅಷ್ಟರೊಳಗೆ ಸುದ್ದಿಯ ಜಾಲತಾಣಕ್ಕೆ ರಾತ್ರಿಯೆಲ್ಲ ಬಂದು ಬಿದ್ದಿರುವ ಮೂವತ್ತೆಂಟು ಪ್ರತಿಕ್ರಿಯೆಗಳನ್ನು ಓದಿ ಮುಗಿಸಬೇಕು.

ಓದುವುದೆಂದರೆ ಬಾಯಿಬಿಟ್ಟು ಓದುವುದು, ಮಗ್ಗಿ ಒಪ್ಪಿಸುವವರ ಹಾಗೆ. ಕೈವಾರಕ್ಕೆ ಹೋಗುವ ಬೆಳಗಿನ ಬಸ್ಸು ವಾರದಿಂದ ಬರುತ್ತಿಲ್ಲ ಎಂಬ ದೂರನ್ನು ಪ್ರಕಟಣೆಗೆ ಬಿಡುತ್ತಾರೆ. ಗೌರಿಬಿದನೂರಿನ ಯಾರೋ ಪುರಸಭೆಯವರ ತಾಯಂದಿರನ್ನು ನೆನೆದ ಸಾಲನ್ನು ಅಳಿಸುತ್ತಾರೆ. ಚಿಂತಾಮಣಿಯಿಂದ ಇಂಗ್ಲಿಷ್ ಅಕ್ಷರದಲ್ಲಿ ಬಂದ ತೆಲುಗನ್ನು ಎರಡು ಸಲ ಓದಿ, ನಕ್ಕು, ಅದನ್ನೂ ಬಿಡುತ್ತಾರೆ. ಕಣ್ಣಲ್ಲೇ ಓದಿದರೆ ಬೇಗ ಮುಗಿಯುವುದಿಲ್ಲವೇ ಎಂದು ಕೇಳಿದೆ.

"ಕಣ್ಣಲ್ಲಿ ಓದಿದ್ರೆ ಸಿಟ್ಟು ಗೊತ್ತಾಗಲ್ಲ ಸಾರ್. ಬಾಯಲ್ಲಿ ಓದಿದ್ರೆ ನಾಲಗೆಗೆ ಖಾರ ಹತ್ತುತ್ತೆ" ಎಂದರು.

ಆ ಖಾರದ ಅನುಭವ ನನಗೂ ಉಂಟು. ಚಿಕ್ಕಬಳ್ಳಾಪುರ ಹೊಸ ಜಿಲ್ಲೆಯಾದ ವರ್ಷ, ಶಿಡ್ಲಘಟ್ಟದಲ್ಲಿ ಮುದ್ರಣಾಲಯ ನಡೆಸುವ ಯೋಗನರಸಿಂಹ ಅವರು ಸುತ್ತಲಿನ ತಾಲ್ಲೂಕುಗಳ ಸುದ್ದಿಗೆಂದು 'ಚಂದ್ರಂಕಿ' ಎಂಬ ಜಾಲತಾಣ ಶುರುಮಾಡಿದರು. ಚಂದ್ರಂಕಿ ಎಂದರೆ ಹುಳ ಗೂಡು ಕಟ್ಟುವ ಬಿದಿರಿನ ತಟ್ಟಿ. ಹೋದ ವರ್ಷ ನಂದಿಯ ರೈಲು ತಪ್ಪಿಸಿಕೊಂಡ ಸಿಟ್ಟಿನಲ್ಲಿ ನಾನು ಅಲ್ಲಿಗೆ ಒಂದು ಪ್ರತಿಕ್ರಿಯೆ ಕಳಿಸಿದ್ದೆ. ಅದು ಪ್ರಕಟವಾಗಲಿಲ್ಲ. ಬದಲಿಗೆ ಒಂದು ಮಿಂಚಂಚೆ ಬಂತು: 'ಸಾರ್, ವಿಷಯ ಸರಿಯಾಗಿದೆ. ಊಟ ಮಾಡಿ ಇನ್ನೊಮ್ಮೆ ಬರೆದು ಕಳಿಸಿ.' ಊಟ ಮಾಡಿ ಓದಿಕೊಂಡೆ. ನಾಚಿಕೆಯಾಯಿತು. ಇಪ್ಪತ್ತೈದು ವರ್ಷ ಪತ್ರಿಕೆಯಲ್ಲಿ ಬೇರೆಯವರ ಬರಹ ತಿದ್ದಿದವನಿಗೆ ಹೀಗೆ ಬುದ್ಧಿ ಹೇಳಿದವರು ಯಾರೆಂದು ಹುಡುಕಿಕೊಂಡು ಮೇಲೂರಿಗೆ ಬಂದಿದ್ದೇನೆ.

ಶೈಲಜಾ ಅವರಿಗೆ ಮೂವತ್ತೊಂದು. ಬಿ.ಎ. ಮುಗಿಸಿ ಯೋಗನರಸಿಂಹ ಅವರ ಮುದ್ರಣಾಲಯದಲ್ಲಿ ಆರು ವರ್ಷ ಲಗ್ನಪತ್ರಿಕೆ ಟೈಪು ಮಾಡಿದವರು. ನಾಲ್ಕು ತಾಲ್ಲೂಕಿನ ಬೀಗರ ಹೆಸರುಗಳೆಲ್ಲ ಬಾಯಿಪಾಠ. ಆದರೆ ತಮ್ಮದೇ ಪತ್ರಿಕೆ ಟೈಪು ಮಾಡುವ ಯೋಗ ಇನ್ನೂ ಬಂದಿಲ್ಲ. ಹೋದ ಮಾಘದಲ್ಲಿ ನೋಡಲು ಬಂದ ಗಂಡಿನ ಕಡೆಯವರು ಹುಡುಗಿಗೆ ಏನು ಕೆಲಸ ಎಂದು ಕೇಳಿದರಂತೆ. ಜನ ಬೈದಿದ್ದನ್ನ ಸೋಸೋ ಕೆಲಸ ಎಂದು ಆವಲಪ್ಪ ನಿಜವನ್ನೇ ಹೇಳಿಬಿಟ್ಟರು. ಬಂದವರು ಉಪ್ಪಿಟ್ಟು ತಿಂದು ಹೋದವರು ತಿರುಗಿ ನೋಡಲಿಲ್ಲ. ಮನೆಯಲ್ಲಿ ಇದು ಈಗಲೂ ನಗುವ ಕಥೆ, ಆವಲಪ್ಪ ಮಾತ್ರ ಅಷ್ಟಾಗಿ ನಗುವುದಿಲ್ಲ.

ದಿನಕ್ಕೆ ಎಪ್ಪತ್ತರ ಆಸುಪಾಸು ಪ್ರತಿಕ್ರಿಯೆ ಬರುತ್ತವೆ, ಚುನಾವಣೆಯ ವಾರ ಮುನ್ನೂರು ದಾಟಿದ್ದೂ ಉಂಟು. ಎಪ್ಪತ್ತರಲ್ಲಿ ಐವತ್ತು ಸಲೀಸಾಗಿ ಹೋಗುತ್ತವೆ, ಹತ್ತು ಕಸದ ಬುಟ್ಟಿಗೆ. ಉಳಿದ ಹತ್ತೇ ತಲೆನೋವು. ಓದುಗರಿಗೆ ಇಂಥವರೊಬ್ಬರು ಇದ್ದಾರೆಂದೇ ಗೊತ್ತಿಲ್ಲ. ಇವರ ಹೆಸರು ಜಾಲತಾಣದಲ್ಲಿ ಎಲ್ಲೂ ಇಲ್ಲ.

ಹೋದ ಶ್ರಾವಣದವರೆಗೆ ಅವರದು ಸರಳವಾದ ನಿಯಮ. ಬೈಗುಳ, ಜಾತಿ, ಹೆಣ್ಣುಮಕ್ಕಳ ಮಾತು ಇದ್ದರೆ ಇಲ್ಲ, ಮಿಕ್ಕಿದ್ದೆಲ್ಲ ಹೋಗಲಿ. ಆ ತಿಂಗಳು ಮೇಲೂರಿನ ನಾಲ್ಕು ಮನೆಗಳಲ್ಲಿ ಹಣ್ಣಾಗಿ ಗೂಡು ಕಟ್ಟುವ ಹೊತ್ತಿಗೆ ಹುಳ ಸತ್ತವು. 'ಚಂದ್ರಂಕಿ'ಯಲ್ಲಿ ಆರು ಸಾಲಿನ ಸುದ್ದಿ ಬಂತು. ಅದರ ಕೆಳಗೆ ಮೊದಲ ಪ್ರತಿಕ್ರಿಯೆ ಬರೆದವರು ಹುಳ ಕಳೆದುಕೊಂಡ ಮನೆಯವರೇ ಆದ ಕನಕರಾಜ್: 'ನಾಲ್ಕು ಮನೆಗೂ ಚಾಕಿ ತಂದದ್ದು ವರಲಕ್ಷ್ಮಮ್ಮನವರ ಹತ್ತಿರವೇ. ಯೋಚಿಸಿ.' ಚಾಕಿ ಎಂದರೆ ಮೊಟ್ಟೆಯೊಡೆದ ಮರಿಹುಳವನ್ನು ಒಂಬತ್ತು ಹತ್ತು ದಿನ ಎಳೆಸೊಪ್ಪು ಕೊಟ್ಟು ಸಾಕಿ ರೈತರಿಗೆ ಒಪ್ಪಿಸುವುದು. ವರಲಕ್ಷ್ಮಮ್ಮ ಅದೇ ಊರಲ್ಲಿ ಹನ್ನೊಂದು ವರ್ಷದಿಂದ ಅದನ್ನೇ ಮಾಡಿಕೊಂಡು ಬಂದವರು.

ಎರಡು ದಿನದಲ್ಲಿ ನಲವತ್ಮೂರು ಪ್ರತಿಕ್ರಿಯೆ ಪ್ರಕಟವಾಗಿಹೋದವು. ಒಂದರಲ್ಲೂ ಕೆಟ್ಟ ಪದವಿಲ್ಲ. ಎಲ್ಲರೂ ಮರ್ಯಾದಸ್ಥರು, ಕನಕರಾಜ್ ಒಬ್ಬರನ್ನು ಬಿಟ್ಟು ಯಾರೂ ಹೆಸರು ಹಾಕಿದವರಲ್ಲ. ನಮ್ಮ ಕಡೆ ಒಬ್ಬರ ಹುಳದ ಮನೆಗೆ ಇನ್ನೊಬ್ಬರು ಕಾಲಿಡುವುದಿಲ್ಲ. ರೋಗ ತರುತ್ತಾರೆಂಬ ಭಯವೂ ಉಂಟು, ಕಣ್ಣು ಬೀಳುತ್ತದೆಂಬ ಭಯವೂ ಉಂಟು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ, ಇಲ್ಲಿ ಪ್ರತ್ಯಕ್ಷ ಕಂಡವರೇ ಇಲ್ಲ. ಆ ವಾರ ಚಾಕಿಗೆ ಹೇಳಿಟ್ಟಿದ್ದ ಮೂವತ್ತು ಮನೆಯವರೂ ವರಲಕ್ಷ್ಮಮ್ಮನವರಿಗೆ ಬೇಡವೆಂದರು. ಕೊಡಲು ಸಿದ್ಧವಾಗಿದ್ದ ಎರಡು ಸಾವಿರ ಮೊಟ್ಟೆಯ ಹುಳವನ್ನು ಅವರು ತಟ್ಟೆ ಸಮೇತ ತಿಪ್ಪೆಗೆ ಸುರಿದರು. (ಒಂದು ಚಿಟ್ಟೆ ಇಟ್ಟ ನಾನೂರು ಐನೂರು ತತ್ತಿಯ ಗುಂಪಿಗೆ ನಮ್ಮಲ್ಲಿ ಒಂದು ಮೊಟ್ಟೆ ಎಂದು ಲೆಕ್ಕ.) ಜನ ಏಕೆ ಬೇಡವೆಂದರೆಂದು ಅವರಿಗೆ ಗೊತ್ತಿರಲಿಲ್ಲ. ಅವರ ಮನೆಯಲ್ಲಿ ಕಂಪ್ಯೂಟರ್ ಇಲ್ಲ, ಅವರಿಗೆ ಓದೂ ಬಾರದು.

ತಿಪ್ಪೆಯ ಮೇಲೆ ಹುಳ ಹರಿದಾಡುತ್ತಿದ್ದುದನ್ನು ಶೈಲಜಾ ಕಂಡದ್ದು ಬಸ್ಸಿಗೆ ಹೋಗುವಾಗ. ಬಸ್ಸು ಹತ್ತಲಿಲ್ಲ. ಮನೆಗೆ ತಿರುಗಿ ಬಂದು ನಲವತ್ಮೂರನ್ನೂ ಮುದ್ರಿಸಿಕೊಂಡು ವರಲಕ್ಷ್ಮಮ್ಮನವರ ಬಾಗಿಲಿಗೆ ಹೋದರು. ಒಳಗೆ ಇನ್ನೊಂದು ತಂಡದ ಮರಿಹುಳ ಇದ್ದುದರಿಂದ ಹೊಸಿಲಿನ ಸುಣ್ಣದ ಗೆರೆ ದಾಟುವಂತಿರಲಿಲ್ಲ. ಕಿಟಕಿಯ ಸೊಳ್ಳೆಪರದೆಯ ಹೊರಗೆ ನಿಂತು ಒಂದೊಂದನ್ನೇ ಓದಿ ಹೇಳಿದರು. ಒಳಗೆ ವರಲಕ್ಷ್ಮಮ್ಮ ಸೊಪ್ಪು ಹೆಚ್ಚುತ್ತಲೇ ಕೇಳಿದರು.

"ಇಪ್ಪತ್ತನೇದಕ್ಕೆ ನನಗೇ ಅಳು ಬಂತು. ಅವ್ರು ಮಾತ್ರ ಕತ್ತಿ ನಿಲ್ಲಿಸ್ಲಿಲ್ಲ. ಹುಳಕ್ಕೆ ಹೊತ್ತಿಗೆ ಸರಿಯಾಗಿ ಸೊಪ್ಪು ಬೇಕಲ್ಲ ಸಾರ್" ಎನ್ನುತ್ತಾರೆ ಶೈಲಜಾ.

ಎಲ್ಲವನ್ನೂ ಈಗಲೇ ಅಳಿಸಿಬಿಡುತ್ತೇನೆಂದು ಇವರು ಹೇಳಿದರೆ, ವರಲಕ್ಷ್ಮಮ್ಮ ಒಪ್ಪಲಿಲ್ಲ. ಆ ಮಾತನ್ನು ನನಗೆ ಅವರೇ ಇನ್ನೊಮ್ಮೆ ಹೇಳಿದರು: "ಅಳಿಸ್ಬೇಡ ಕಣಮ್ಮ ಅಂದೆ. ಅಳಿಸಿದ್ರೆ ನಾನೇ ಹೇಳಿ ಅಳಿಸಿಸ್ದೆ ಅಂತಾರೆ. ಬಾಗಿಲು ಹಾಕು ಸಾಕು. ಅಂದೋರು ಅಂದ್ಕೊಂಡ್ರು, ಪೋನೀಲೇ, ಹೋಗ್ಲಿ ಬಿಡು."

ರೇಷ್ಮೆ ಹುಳ ನಾಲ್ಕು ಸಲ ಮೇವು ಬಿಟ್ಟು, ತಲೆಯೆತ್ತಿ, ಅಲ್ಲಾಡದೆ ಕೂತು ಪೊರೆ ಕಳಚುತ್ತದೆ. ಅದನ್ನು ನಾವು ಜ್ವರ ಅನ್ನುತ್ತೇವೆ. ಜ್ವರಕ್ಕೆ ಕೂತಾಗ ಸೊಪ್ಪು ಹಾಕುವಂತಿಲ್ಲ, ಮುಟ್ಟುವಂತಿಲ್ಲ, ಏಳುವವರೆಗೆ ಕಾಯಬೇಕು. ಶೈಲಜಾ ಆ ಸುದ್ದಿಯ ಪ್ರತಿಕ್ರಿಯೆಗಳನ್ನು ಮುಚ್ಚಿ ಕೆಳಗೆ ಬರೆದರು: 'ಈ ಸುದ್ದಿ ಜ್ವರಕ್ಕೆ ಕೂತಿದೆ. ದಯವಿಟ್ಟು ಸೊಪ್ಪು ಹಾಕಬೇಡಿ.' ಅದರಡಿಯಲ್ಲಿ ವರಲಕ್ಷ್ಮಮ್ಮ ಕಿಟಕಿಯಿಂದ ಹೇಳಿ ಬರೆಸಿದ ಸಾಲು: 'ಅನುಮಾನ ಇರೋರು ಕಾಲು ತೊಳ್ಕೊಂಡು ನಮ್ಮನೆ ಒಳಗೆ ಬಂದು ಹುಳ ನೋಡಿ.' ಹುಳ ಸಾಕುವ ಊರಿನಲ್ಲಿ ಇಂಥ ಕರೆಯನ್ನು ಯಾರೂ ಕೇಳಿರಲಿಲ್ಲ. ನೋಡಲು ಯಾರೂ ಬರಲೂ ಇಲ್ಲ.

ಯೋಗನರಸಿಂಹ ಅವರಿಗೆ ಸಾಕಾಗಿತ್ತು. ಇಡೀ ಜಾಲತಾಣದ ಪ್ರತಿಕ್ರಿಯೆಗಳನ್ನೇ ಮುಚ್ಚಿಬಿಟ್ಟರೆ ನೆಮ್ಮದಿ ಎಂದರು. ಹಾಗೆ ಮಾಡಿದರೆ ಕೈವಾರದ ಬಸ್ಸಿನ ದೂರು ಎಲ್ಲಿಗೆ ಹೋಗಬೇಕು ಎಂದು ಶೈಲಜಾ ಜಗಳಕ್ಕೇ ನಿಂತರು. ಕೊನೆಗೆ ಒಂದು ಹೊಸ ನಿಯಮದ ಮೇಲೆ ರಾಜಿಯಾಯಿತು. ಯಾರದ್ದೇ ಹೆಸರೆತ್ತಿ ಪ್ರತಿಕ್ರಿಯೆ ಬಂದರೆ ಮೊದಲು ಆ ಹೆಸರಿನವರಿಗೆ ಫೋನು ಮಾಡಿ ಓದಿ ಹೇಳಬೇಕು. ಫೋನಿಲ್ಲದಿದ್ದರೆ ಬಾಗಿಲಿಗೆ ಹೋಗಬೇಕು. ಅವರು ಹೇಳಿದ ಉತ್ತರವನ್ನೂ ಜೊತೆಗೇ ಹಾಕಬೇಕು. ಹೀಗೆ ಓದಿ ಹೇಳಲು ಶೈಲಜಾ ನಂದಿಯವರೆಗೂ ಹೋಗಿಬಂದಿದ್ದಾರೆ. ಅರ್ಧಕ್ಕರ್ಧ ಜನ ಬೈದವರ ಮೇಲಿನ ಸಿಟ್ಟನ್ನು ಓದಿ ಹೇಳಿದವರ ಮೇಲೆ ತೀರಿಸಿಕೊಳ್ಳುತ್ತಾರಂತೆ.

ಹುಳ ಸತ್ತದ್ದಕ್ಕೆ ಪಕ್ಕದ ಟೊಮೆಟೊ ತೋಟಕ್ಕೆ ಹೊಡೆದ ಔಷಧಿ ಗಾಳಿಗೆ ಬಂದು ಹಿಪ್ಪುನೇರಳೆ ಸೊಪ್ಪಿನ ಮೇಲೆ ಕೂತದ್ದು ಕಾರಣವೆಂದು ಆಮೇಲೆ ಗೊತ್ತಾಯಿತು. ನಾಲ್ಕೂ ಮನೆಯವರ ತೋಟ ಅದರ ಮಗ್ಗುಲಲ್ಲೇ ಇತ್ತು. 'ಚಂದ್ರಂಕಿ' ಅದನ್ನೂ ಬರೆಯಿತು. ಆದರೂ ಆಡಿದ ಮಾತಿನಿಂದ ಹಿಂದೆ ಸರಿಯುವುದು ಯಾರಿಗೆ ಸುಲಭ? ಚಾಕಿ ಕೇಳಿ ಬಂದವರು ಆವಲಪ್ಪ ಒಬ್ಬರೇ. ಮಗಳು ಮಾಡಿದ್ದಕ್ಕೆ ಅಪ್ಪ ತೆತ್ತ ದಂಡವೆಂದು ಊರು ನಕ್ಕಿತು. ಈ ಬೆಳೆ ಕೆಟ್ಟರೆ ಚಾಕಿ ಮನೆಗೆ ಬೀಗ ಹಾಕುವುದೆಂದು ವರಲಕ್ಷ್ಮಮ್ಮ ತೀರ್ಮಾನಿಸಿದ್ದರು. ಇವತ್ತು ಟೆಂಪೋ ಏರಿದ್ದು ಆ ಬೆಳೆಯ ಗೂಡು.

ಹನ್ನೊಂದರ ಹೊತ್ತಿಗೆ ಶಿಡ್ಲಘಟ್ಟದ ಮಾರುಕಟ್ಟೆಯಿಂದ ಆವಲಪ್ಪನವರ ಫೋನು. ನೂರೈವತ್ತು ಮೊಟ್ಟೆಗೆ ನೂರೆಂಟು ಕೆಜಿ ತೂಗಿದೆ, ಹರಾಜಿನ ಕೂಗಿನಲ್ಲಿ ನೂಲು ತೆಗೆಯುವವರು ಪೈಪೋಟಿ ಮಾಡಿದ್ದಾರೆ. ಇನ್ನೊಂದು ಸಂಗತಿಯನ್ನೂ ಅವರು ಹೇಳಿದರು. ಕನಕರಾಜ್ ಅಲ್ಲಿಗೆ ಬಂದು, ಒಂದು ಗೂಡು ಎತ್ತಿ, ಒಳಗಿನ ಹುಳ ಗಟ್ಟಿಯೇ ಎಂದು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ, ಮತ್ತೆ ರಾಶಿಗಿಟ್ಟು ಹೋದನಂತೆ.

ಶೈಲಜಾ ವರಲಕ್ಷ್ಮಮ್ಮನವರಿಗೆ ಫೋನು ಹಚ್ಚಿದರು. ತೂಕ ಕೇಳಿದ ಮೇಲೆ ಅತ್ತಲಿಂದ ಬಂದದ್ದು ಎರಡೇ ಮಾತು: "ಜ್ವರ ಎದ್ದೈತೆ. ಬಾಗಿಲು ತೆಗಿಯಮ್ಮ."

ಎರಡು ತಿಂಗಳಿಂದ ಮುಚ್ಚಿದ್ದ ಪುಟ ತೆರೆಯಿತು. ನಾವು ಮುದ್ದೆ ಉಂಡು ಕೈ ತೊಳೆದು ಬರುವಷ್ಟರಲ್ಲಿ ಒಂದು ಪ್ರತಿಕ್ರಿಯೆ ಬಂದು ಕಾಯುತ್ತಿತ್ತು: 'ವರಲಕ್ಷ್ಮಮ್ಮನವರೇ, ಮುಂದಿನ ಚಾಕಿ ಯಾವತ್ತು ಕೊಡುತ್ತೀರಿ? ನಮ್ಮ ಹುಳದ ಮನೆ ತೊಳೆದಿದ್ದೇವೆ. ಕನಕರಾಜ್, ಮೇಲೂರು.' ಶೈಲಜಾ ಅದನ್ನು ಬಾಯಿಬಿಟ್ಟು ಓದಿದರು. ಹೆಸರು ಬಂದಿದೆ, ನಿಯಮ ನಿಯಮವೇ. ಮತ್ತೆ ಫೋನು ಹಚ್ಚಿ ಓದಿ ಹೇಳಿದರು.

"ಎಷ್ಟು ಮೊಟ್ಟೆಗೆ ಬೇಕಂತೆ, ಕೇಳು" ಎಂದರು ವರಲಕ್ಷ್ಮಮ್ಮ.

ನನ್ನ ಕಣ್ಣು ತುಂಬಿತು, ಮುಚ್ಚಿಡುವುದೇಕೆ? ಹೊರಡುವಾಗ ನಿಮ್ಮ ಬಗ್ಗೆ ಬರೆಯುತ್ತೇನೆ, ಏನಾದರೂ ಆಸೆಯಿದ್ದರೆ ಹೇಳಿ ಎಂದೆ. ಬರೆದದ್ದನ್ನು ಅಚ್ಚಿಗೆ ಹೋಗುವ ಮುಂಚೆ ತಮಗೆ ಓದಿ ಹೇಳಬೇಕೆಂದರು, ಅಷ್ಟೇ. ಹಾಗಾಗಿ ಇಲ್ಲಿಯವರೆಗಿನದನ್ನು ನಿನ್ನೆ ಫೋನಿನಲ್ಲಿ ಪೂರ್ತಿ ಓದಿದೆ. ಗಂಡಿನ ಕಡೆಯವರ ಉಪ್ಪಿಟ್ಟಿಗೆ ನಕ್ಕರು. ಮುಗಿದ ಮೇಲೆ ಒಂದೇ ಒಂದು ತಿದ್ದುಪಡಿ ಕೇಳಿದರು.

"ನಲವತ್ಮೂರು 'ಪ್ರಕಟವಾಗಿಹೋದವು' ಅಂತ ಬರ್ದಿದೀರ. ತಾವಾಗೇ ಹೋಗಲ್ಲ ಸಾರ್ ಅವು. ಒಂದೊಂದನ್ನೂ ಓದಿ ಬಿಟ್ಟಿದ್ದು ನಾನು. ನಾನು ಬಿಟ್ಟೆ ಅಂತಾನೇ ಹಾಕಿ."